ಹೋದ ವರ್ಷದ ಸೋಂಕು, ಈ ವರ್ಷದ ನಷ್ಟ: ಕುರಿ, ದನಗಳ ಕ್ಲಮೀಡಿಯಾ

ಶೀರ್ಷಿಕೆಯಲ್ಲಿ ಕ್ಲಮೀಡಿಯಾ ಅಂತ ನೋಡಿದ ಕೂಡಲೇ ನಿಮ್ಮಲ್ಲಿ ಕೆಲವರು ಪಕ್ಕದವನಿಗೆ ಮೊಣಕೈಯಿಂದ ತಿವಿದು ನಕ್ಕಿರ್ತೀರಿ. ಪರವಾಗಿಲ್ಲ. ಮನುಷ್ಯರಲ್ಲಿ ಲೈಂಗಿಕ ಸಂಪರ್ಕದಿಂದ ಹರಡೋ ರೋಗ ಅಂತಲೇ ಆ ಹೆಸರು ನಮಗೆ ಪರಿಚಯ. ಆದರೆ ಅದೇ ಕುಟುಂಬದ ಬೇರೆ ಬ್ಯಾಕ್ಟೀರಿಯಾಗಳು ಕುರಿ, ಮೇಕೆ, ದನಗಳ ಮೈಯಲ್ಲಿವೆ. ಅವು ಹರಡುವ ದಾರಿಯೂ ಬೇರೆ, ಮಾಡುವ ಹಾನಿಯೂ ಬೇರೆ. ಅವುಗಳಲ್ಲಿ ಒಂದರ ಕಥೆ, ಕ್ಲಮೀಡಿಯಾ ಅಬಾರ್ಟಸ್‌ನದು, ಪಶುವೈದ್ಯರಿಗಿಂತ ನಮ್ಮಂಥವರಿಗೇ ಹೆಚ್ಚು ಹಿಡಿಸಬೇಕು ಅಂತ ನನಗನ್ನಿಸುತ್ತೆ. ಯಾಕೆ ಅಂತ ಹೇಳ್ತೀನಿ.

ಹಾಸ್ಟೆಲ್‌ನ ಗೀಸರ್ ನೆನಪಿಸಿಕೊಳ್ಳಿ. ಬಿಸಿನೀರಿನ ನಲ್ಲಿ ತಿರುಗಿಸ್ತೀರಿ, ತಣ್ಣೀರೇ ಬರುತ್ತೆ. ಇನ್ನಷ್ಟು ತಿರುಗಿಸ್ತೀರಿ, ಆಗಲೂ ತಣ್ಣೀರೇ. ಪೂರ್ತಿ ತಿರುಗಿಸಿದ ಮೇಲೆ ಒಂದೇ ಸಲ ಬೆನ್ನು ಸುಡುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಪುಸ್ತಕದಲ್ಲಿ ಇದಕ್ಕೆ ಡೆಡ್ ಟೈಮ್ ಅಂತಾರೆ. ನಾವು ಮಾಡಿದ ಕೆಲಸಕ್ಕೂ ಅದರ ಫಲ ಕಾಣಿಸೋದಕ್ಕೂ ನಡುವಿನ ವಿಳಂಬ. ಗೀಸರ್‌ನಲ್ಲಿ ಅದು ಅರ್ಧ ನಿಮಿಷ. ಕುರಿಯ ಈ ರೋಗದಲ್ಲಿ ಸಾಮಾನ್ಯವಾಗಿ ಒಂದು ವರ್ಷ. ಈ ಒಂದು ವರ್ಷದ ಅಂತರ ಕುರಿ ಸಾಕುವವರನ್ನೂ ವಿಜ್ಞಾನಿಗಳನ್ನೂ ಲಸಿಕೆ ಮಾಡುವವರನ್ನೂ ದಾರಿ ತಪ್ಪಿಸಿದೆ.

ಈ ರೋಗವನ್ನು ಮೊದಲು ಸರಿಯಾಗಿ ಗುರುತಿಸಿದ್ದು ಸ್ಕಾಟ್ಲೆಂಡಿನಲ್ಲಿ. ಅಲ್ಲಿ ಶರತ್ಕಾಲದ ಕೊನೆಗೆ ಟಗರು ಬಿಡ್ತಾರೆ, ವಸಂತದಲ್ಲಿ ಕುರಿಗಳು ಈಯುತ್ತವೆ. ಗಬ್ಬದ ಅವಧಿ ಸುಮಾರು 147 ದಿನ. ವರ್ಷದ ಸಂಪಾದನೆಯೆಲ್ಲ ಆ ಕೆಲವು ವಾರಗಳಲ್ಲಿ ನೆಲಕ್ಕೆ ಬೀಳುವ ಮರಿಗಳಲ್ಲಿದೆ. ಕೆಲವು ಹಿಂಡುಗಳಲ್ಲಿ ವರ್ಷ ವರ್ಷವೂ, ಈಯಲು ಇನ್ನು ಎರಡು ಮೂರು ವಾರ ಇದೆ ಅನ್ನುವಾಗ, ಕುರಿಗಳು ಕಂದು ಹಾಕುತ್ತಿದ್ದವು. ತಾಯಿಕುರಿಗೆ ಜ್ವರವಿಲ್ಲ, ಮೇವು ಬಿಟ್ಟಿಲ್ಲ, ಹಿಂದಿನ ಸಂಜೆ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಪೂರ್ತಿ ಬೆಳೆದ, ಉಣ್ಣೆ ಬಂದ ಮರಿ ಸತ್ತು ಬಿದ್ದಿರೋದು.

ಎಡಿನ್‌ಬರೋ ಹತ್ತಿರ ಮೋರೆಡನ್ ಅಂತ ಒಂದು ಸಂಶೋಧನಾ ಸಂಸ್ಥೆ ಇದೆ. 1920ರಲ್ಲಿ ರೈತರು ಸೇರಿ ಕಟ್ಟಿಕೊಂಡ ಸಂಘದಿಂದ ಬೆಳೆದದ್ದು. ಅಲ್ಲಿನ ರಸೆಲ್ ಗ್ರೇಗ್ 1936ರಲ್ಲಿ ಈ ಕಾಯಿಲೆಯನ್ನು ವಿವರಿಸಿದರು. ಅವರ ಊಹೆ: ಇದು ಸೋಂಕಲ್ಲ, ಆಹಾರದಲ್ಲಿ ಏನೋ ಕೊರತೆ. ಈಗ ಓದಿದರೆ ಇದೆಂಥ ಊಹೆ ಅನ್ನಿಸಬಹುದು. ಆದರೆ ಅವರ ಜಾಗದಲ್ಲಿ ನಿಂತು ನೋಡಿ. ಸೋಂಕು ಅಂದಮೇಲೆ ಒಂದರಿಂದ ಪಕ್ಕದ್ದಕ್ಕೆ ಹರಡಬೇಕು ತಾನೆ? ಇಲ್ಲಿ ಕಂದು ಹಾಕಿದ ಕುರಿಯ ಜೊತೆಗೇ ಮೇಯುವ ಬೇರೆ ಕುರಿಗಳು ಆ ಋತುವಿನಲ್ಲಿ ಆರಾಮಾಗಿ ಈಯುತ್ತವೆ. ಮುಂದಿನ ವರ್ಷ ಅವು ಕಂದು ಹಾಕಿದರೆ ಅದನ್ನು ಹಿಂದಿನ ವರ್ಷದ ಘಟನೆಗೆ ಯಾರು ಜೋಡಿಸ್ತಾರೆ? ಚಳಿಗಾಲದಲ್ಲಿ ಹುಲ್ಲು ಕಡಿಮೆ, ಮೇವು ಸಾಲದು ಅಂತ ಅನ್ನಿಸೋದೇ ಸಹಜ.

1950ರಲ್ಲಿ ಅದೇ ಸಂಸ್ಥೆಯ ಸ್ಟ್ಯಾಂಪ್ ಮತ್ತು ಸಂಗಡಿಗರು ಕಂದು ಹಾಕಿದ ಕುರಿಗಳ ಮಾಸನ್ನು (ಹಳ್ಳಿಗಳಲ್ಲಿ ಕಸ ಅಂತೀವಲ್ಲ, ಅದು) ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೆಂಪು ಚುಕ್ಕೆಗಳ ರಾಶಿ ಕಾಣಿಸಿತು. ಗಿಣಿಗಳಿಂದ ಮನುಷ್ಯರಿಗೆ ಬರುವ ಸಿಟಾಕೋಸಿಸ್ ಜ್ವರದ ರೋಗಾಣುವಿನ ಹತ್ತಿರದ ನಂಟ. ಅವರು ಬಳಸಿದ ಬಣ್ಣದ ವಿಧಾನವನ್ನು ಇವತ್ತಿಗೂ ಪಶುವೈದ್ಯ ಪ್ರಯೋಗಾಲಯಗಳಲ್ಲಿ ಬಳಸ್ತಾರೆ.

ಆಗ ಎಲ್ಲರೂ ಇದನ್ನು ವೈರಸ್ ಅಂತಲೇ ಕರೆಯುತ್ತಿದ್ದರು. ಅದಕ್ಕೆ ಕಾರಣಗಳೂ ಇದ್ದವು. ತುಂಬ ಚಿಕ್ಕದು, ಸುಮಾರು 0.3 ಮೈಕ್ರಾನ್. ಸಾಮಾನ್ಯ ಬ್ಯಾಕ್ಟೀರಿಯಾ ಬೆಳೆಸೋ ಅಗರ್ ತಟ್ಟೆಯಲ್ಲಿ ಬೆಳೆಯೋದಿಲ್ಲ. ಜೀವಂತ ಕೋಶ ಬೇಕು, ಮರಿಯಾಗುತ್ತಿರುವ ಕೋಳಿಮೊಟ್ಟೆ ಬೇಕು. 1960ರ ದಶಕದಲ್ಲಷ್ಟೇ ಇದು ಬ್ಯಾಕ್ಟೀರಿಯಾ ಅನ್ನೋದು ಖಚಿತವಾಯಿತು. ಕ್ಲಮೀಡಿಯಾ ಅನ್ನೋ ಹೆಸರಿನ ಮೂಲ ಗ್ರೀಕಿನ ಕ್ಲಮಿಸ್, ಅಂದರೆ ಹೆಗಲ ಮೇಲೆ ಹೊದೆಯುವ ಮೇಲುವಸ್ತ್ರ. 1907ರಲ್ಲಿ ಹಾಲ್ಬರ್‌ಸ್ಟೇಟರ್ ಮತ್ತು ಪ್ರೊವಾಚೆಕ್ ಎಂಬಿಬ್ಬರು ಜಾವಾ ದ್ವೀಪದಲ್ಲಿ ಟ್ರಕೋಮಾ ಎಂಬ ಕಣ್ಣಿನ ರೋಗವನ್ನು ಒರಾಂಗುಟಾನ್‌ಗಳಿಗೆ ಅಂಟಿಸಿ ನೋಡಿದರು. ಆಗ ಕೋಶದೊಳಗೆ ಹೊದಿಕೆ ಹೊದ್ದ ಹಾಗೆ ಕುಳಿತಿದ್ದ ಕಣಗಳನ್ನು ಕಂಡು ಈ ಹೆಸರಿಗೆ ನಾಂದಿ ಹಾಕಿದರು. ಕುರಿಯ ರೋಗಾಣುವಿನ ಪೂರ್ತಿ ಹೆಸರಂತೂ ಎರಡು ಸಲ ಬದಲಾಗಿದೆ. ಮೊದಲು ಕ್ಲಮೀಡಿಯಾ ಸಿಟಾಸಿಯ ಒಂದು ಬಗೆ ಅಂದರು, 1999ರಲ್ಲಿ ಕ್ಲಮೀಡೋಫಿಲಾ ಅಬಾರ್ಟಸ್ ಅಂದರು, ಆಮೇಲೆ ಮನಸ್ಸು ಬದಲಿಸಿ ಕ್ಲಮೀಡಿಯಾ ಅಬಾರ್ಟಸ್ ಅಂದರು. ಹಳೆಯ ಲೇಖನ ಹುಡುಕುವಾಗ ಮೂರೂ ಹೆಸರಲ್ಲಿ ಹುಡುಕಬೇಕು, ದೊಡ್ಡ ತಲೆನೋವು.

ಈ ಜೀವಿಗೆ ಎರಡು ರೂಪ. ಹೊರಗೆ ಓಡಾಡುವಾಗ ಅದು ಗಟ್ಟಿ ಹೊದಿಕೆಯ ಪುಟ್ಟ ಗೋಲಿ. ಆಗ ಅದು ಹೆಚ್ಚುಕಡಿಮೆ ಏನನ್ನೂ ಮಾಡೋದಿಲ್ಲ, ವಿಭಜನೆಯಾಗೋದಂತೂ ಇಲ್ಲ, ಸುಮ್ಮನೆ ಕಾಯುತ್ತೆ. ಕೋಶವೊಂದಕ್ಕೆ ತಗುಲಿದರೆ ಸಿರಿಂಜಿನಂಥ ಪ್ರೋಟೀನ್ ಕೊಳವೆಯಿಂದ ತನ್ನ ಸರಕನ್ನು ಒಳಗೆ ಚುಚ್ಚಿ, ಕೋಶವೇ ತನ್ನನ್ನು ನುಂಗುವಂತೆ ಮಾಡಿಕೊಳ್ಳುತ್ತೆ. ನುಂಗಿದ್ದನ್ನು ಜೀರ್ಣಿಸೋ ವ್ಯವಸ್ಥೆ ಕೋಶದಲ್ಲಿದೆ. ಆದರೆ ಇದು ಕುಳಿತ ಚೀಲದ ಹೊರಮೈಯನ್ನೇ ಬದಲಿಸಿ ಆ ವ್ಯವಸ್ಥೆ ಹತ್ತಿರ ಬರದ ಹಾಗೆ ನೋಡಿಕೊಳ್ಳುತ್ತೆ. ಆಮೇಲೆ ಒಳಗೆ ಉಬ್ಬಿ ಸುಮಾರು ಒಂದು ಮೈಕ್ರಾನ್ ಗಾತ್ರದ ಮೆತ್ತನೆ ರೂಪ ತಾಳಿ ವಿಭಜನೆ ಶುರು ಮಾಡುತ್ತೆ. ಎರಡು ಮೂರು ದಿನಗಳಲ್ಲಿ ಚೀಲ ತುಂಬಿ, ಎಲ್ಲ ಮತ್ತೆ ಗೋಲಿಗಳಾಗಿ, ಕೋಶ ಒಡೆದು ಹೊರಗೆ.

ಇದರ ಜೀನೋಮ್ ಸುಮಾರು 11.4 ಲಕ್ಷ ಅಕ್ಷರ. ಒಂದು ಅಕ್ಷರಕ್ಕೆ ಎರಡು ಬಿಟ್ ಅಂತ ಲೆಕ್ಕ ಹಾಕಿ: 286 ಕಿಲೋಬೈಟ್ ಆಸುಪಾಸು. ವಾಟ್ಸಾಪ್‌ನಲ್ಲಿ ಬರೋ ಒಂದು ಗುಡ್ ಮಾರ್ನಿಂಗ್ ಚಿತ್ರದಷ್ಟು. ನಮ್ಮ ಕರುಳಿನ ಇ. ಕೋಲಿಯದು ಇದರ ನಾಲ್ಕು ಪಟ್ಟು. ಬೇರೆಯವರ ಮನೆಯಲ್ಲಿ ಊಟ ಸಿಗುವಾಗ ಅಡುಗೆಮನೆ ಯಾಕೆ ಅಂತ ಕ್ಲಮೀಡಿಯಾಗಳು ಬೇಕಾದಷ್ಟು ಜೀನುಗಳನ್ನು ಬಿಟ್ಟುಕೊಟ್ಟಿವೆ. ಕೋಶದ ಎಟಿಪಿಯನ್ನೇ ಒಳಗೆಳೆದುಕೊಂಡು, ಖಾಲಿಯಾದ ಎಡಿಪಿಯನ್ನು ಹೊರಗೆ ತಳ್ಳುವ ಪಂಪು ಇವುಗಳ ಬಳಿ ಇದೆ. ಕರೆಂಟು ಕದಿಯಲು ಪಕ್ಕದ ಮನೆಗೆ ಹಾಕಿದ ಕೊಕ್ಕೆ ಇದ್ದಂತೆ.

ಈಗ ವಿಳಂಬಕ್ಕೆ ಬರೋಣ. ಕಂದು ಹಾಕಿದ ಕುರಿಯ ಮಾಸಿನಲ್ಲಿ, ದ್ರವದಲ್ಲಿ, ಸತ್ತ ಮರಿಯ ಮೈಮೇಲೆ ಈ ಗೋಲಿಗಳು ಲೆಕ್ಕವಿಲ್ಲದಷ್ಟು ಇರುತ್ತವೆ. ಹತ್ತಿರದ ಕುರಿಗಳು ಅದನ್ನು ಮೂಸುತ್ತವೆ, ನೆಕ್ಕುತ್ತವೆ, ಅದು ಬಿದ್ದ ಹುಲ್ಲು ತಿನ್ನುತ್ತವೆ. ಸೋಂಕು ಮೈ ಸೇರುತ್ತೆ. ಆಮೇಲೆ ಏನೂ ಆಗೋದಿಲ್ಲ! ಜ್ವರವಿಲ್ಲ, ಸೊರಗಿಲ್ಲ. ರಕ್ತಪರೀಕ್ಷೆಯಲ್ಲೂ ಬಹಳಷ್ಟು ಸಲ ಸುಳಿವಿಲ್ಲ. ಬ್ಯಾಕ್ಟೀರಿಯಾ ಅಡಗಿ ಕೂತಿರುತ್ತೆ. ಸೋಂಕಾದಾಗ ದೇಹ ಗಾಮಾ ಇಂಟರ್‌ಫೆರಾನ್ ಎಂಬ ಸಂಕೇತ ಹೊರಡಿಸಿ, ಕೋಶದೊಳಗಿನ ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲವನ್ನು ಖಾಲಿ ಮಾಡಿಸುತ್ತೆ. ಅದನ್ನು ಸ್ವಂತ ಮಾಡಿಕೊಳ್ಳೋ ಜೀನುಗಳು ಕ್ಲಮೀಡಿಯಾ ಅಬಾರ್ಟಸ್‌ಗಿಲ್ಲ. ಹಾಗಂತ ಅದು ಉಪವಾಸ ಬಿದ್ದು ಸಾಯೋದೂ ಇಲ್ಲ. ವಿಭಜನೆ ನಿಲ್ಲಿಸಿ ಒಳಗೇ ಕಾಯುತ್ತೆ. ನಮ್ಮ ಲ್ಯಾಪ್‌ಟಾಪಿನ ಸ್ಲೀಪ್ ಮೋಡ್ ತರ. ಪ್ರಯೋಗಾಲಯದಲ್ಲಿ ಪೆನಿಸಿಲಿನ್ ಹಾಕಿದರೂ ಇದೇ ಆಟ: ಸಾಯದೆ ಉಬ್ಬಿ ಕೂರುತ್ತೆ, ಪೆನಿಸಿಲಿನ್ ತೆಗೆದರೆ ಮತ್ತೆ ಶುರು.

ಮುಂದಿನ ಸಲ ಆ ಕುರಿ ಗಬ್ಬವಾಗಿ 90ನೇ ದಿನದ ಹೊತ್ತಿಗೆ ಬ್ಯಾಕ್ಟೀರಿಯಾ ಎಚ್ಚೆತ್ತು ಮಾಸಿನಲ್ಲಿ ಬೆಳೆಯೋಕೆ ತೊಡಗುತ್ತೆ. ಮರಿ ಅತಿ ವೇಗವಾಗಿ ಬೆಳೆಯುವ ಕಾಲವೂ ಅದೇ. ತಾಯಿಯಿಂದ ಮರಿಗೆ ಆಹಾರ, ಆಮ್ಲಜನಕ ದಾಟಿಸೋ ಗುಂಡಿಯಂಥ ಭಾಗಗಳು ಕೊಳೆಯುತ್ತವೆ, ಅವುಗಳ ನಡುವಿನ ತೆಳು ಪೊರೆ ದಪ್ಪವಾಗಿ ಕೆಂಪು ಚರ್ಮದಂತಾಗುತ್ತೆ. ಮರಿಗೆ ಪೂರೈಕೆ ನಿಲ್ಲುತ್ತೆ. ಅಂದರೆ ನಾವು ಈ ವಸಂತದಲ್ಲಿ ಕಾಣುವುದು ಹೋದ ವಸಂತದಲ್ಲಿ ನಡೆದದ್ದನ್ನು.

ಇದರಿಂದ ಕುರಿ ಸಾಕುವವರ ಲೆಕ್ಕ ಹೇಗೆ ತಪ್ಪುತ್ತೆ ನೋಡಿ. ಒಬ್ಬ ಇಪ್ಪತ್ತು ಕುರಿ ಕೊಂಡು ತರ್ತಾನೆ ಅಂತಿಟ್ಟುಕೊಳ್ಳಿ. ಮೊದಲ ವರ್ಷ ಅದರಲ್ಲಿ ಒಂದೋ ಎರಡೋ ಕಂದು ಹಾಕುತ್ತವೆ. ಪ್ರಯಾಣದ ಆಯಾಸ, ಯಾವುದೋ ಗುದ್ದಿರಬೇಕು ಅಂತ ಸುಮ್ಮನಾಗ್ತಾನೆ. ಎರಡನೇ ವರ್ಷ ಹಿಂಡಿನ ಸುಮಾರು ಮೂರನೇ ಒಂದು ಭಾಗದವರೆಗೆ ಕಂದು ಹಾಕಬಹುದು. ಆಗ ಗಾಬರಿಯಾಗಿ, ಕಂದು ಹಾಕಿದ ಕುರಿಗಳನ್ನೆಲ್ಲ ಮಾರಿ ಹೊಸವನ್ನು ತರ್ತಾನೆ. ಇಲ್ಲೇ ಎಡವಟ್ಟು. ಒಮ್ಮೆ ಕಂದು ಹಾಕಿದ ಕುರಿಗೆ ಗಟ್ಟಿ ರೋಗನಿರೋಧಕ ಶಕ್ತಿ ಬಂದಿರುತ್ತೆ, ಅದು ಸಾಮಾನ್ಯವಾಗಿ ಮತ್ತೆ ಇದೇ ಕಾರಣಕ್ಕೆ ಕಂದು ಹಾಕೋದಿಲ್ಲ. ಅಪಾಯ ಇರುವುದು ಅದರ ಪಕ್ಕದಲ್ಲಿ ನಿಂತು ಮೂಸಿದ, ಈ ವರ್ಷ ಚೆನ್ನಾಗಿ ಈದ ಕುರಿಗಳಲ್ಲಿ. ಅವನ್ನು ಉಳಿಸಿಕೊಂಡು, ಸೋಂಕೇ ಕಾಣದ ಹೊಸ ಕುರಿಗಳನ್ನು ಅವುಗಳ ನಡುವೆ ಬಿಟ್ಟರೆ ಮುಂದಿನ ವರ್ಷದ ಬೆಂಕಿಗೆ ಸೌದೆ ಒಟ್ಟಿದ ಹಾಗೆ. ಇನ್ನೊಂದು ರೂಢಿಯೂ ಇದೆ. ಮರಿ ಸತ್ತ ಕುರಿಯ ಹಾಲು ವ್ಯರ್ಥವಾಗಬಾರದು ಅಂತ ಬೇರೆ ತಬ್ಬಲಿ ಮರಿಯನ್ನು ಅದಕ್ಕೆ ಕೂಡಿಸ್ತಾರೆ. ಅದು ಗಂಡಾದರೆ ಮಾಂಸಕ್ಕೆ ಹೋಗುತ್ತೆ. ಹೆಣ್ಣಾದರೆ, ತಳಿಗೆ ಅಂತ ಉಳಿಸಿಕೊಂಡರೆ, ಅದು ತನ್ನ ಮೊದಲ ಗಬ್ಬದಲ್ಲೇ ಕಂದು ಹಾಕಬಹುದು.

ಪತ್ತೆ ಹಚ್ಚೋದರಲ್ಲೂ ತೊಡಕಿದೆ. ಇದರ ನೆಂಟ ಕ್ಲಮೀಡಿಯಾ ಪೆಕೋರಮ್ ಎಷ್ಟೋ ಆರೋಗ್ಯವಂತ ಕುರಿಗಳ ಕರುಳಿನಲ್ಲಿ ತೊಂದರೆ ಕೊಡದೆ ಇರುತ್ತೆ. ಹಳೆಯ ರಕ್ತಪರೀಕ್ಷೆಗೆ ಈ ಎರಡರ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ, ಇರೋದು ಸಾಧು ನೆಂಟನಾದರೂ ಅಲಾರಂ ಹೊಡೆಯುತ್ತಿತ್ತು. ಈಗ ಪಿಸಿಆರ್ ಇದೆ, ಎರಡನ್ನೂ ಬೇರೆ ಬೇರೆಯಾಗಿ ಗುರುತಿಸುತ್ತೆ. ಆದರೆ ಅದಕ್ಕೆ ಮಾಸಿನ ಚೂರು ಪ್ರಯೋಗಾಲಯಕ್ಕೆ ತಲುಪಬೇಕು. ನಾಯಿಯೋ ನರಿಯೋ ಮೊದಲು ಬಂದರೆ ಸಾಕ್ಷಿಯೇ ಹೋಯಿತು.

ದನಗಳ ವಿಷಯ ಬೇರೆ. ಕ್ಲಮೀಡಿಯಾ ಅಬಾರ್ಟಸ್‌ನಿಂದ ಹಸುಗಳೂ ಕಂದು ಹಾಕೋದುಂಟು, ಆದರೆ ಕುರಿಯಲ್ಲಿ ಆಗುವಷ್ಟಲ್ಲ. ಅವುಗಳಲ್ಲಿ ಹೆಚ್ಚು ಕಾಣೋದು ಪೆಕೋರಮ್, ಅದೂ ಬಹುಪಾಲು ಸದ್ದಿಲ್ಲದೆ: ಗಬ್ಬ ಕಟ್ಟೋದು ತಡವಾಗುತ್ತೆ, ಕರುಗಳು ಸರಿಯಾಗಿ ಮೈ ಹಿಡಿಯೋದಿಲ್ಲ. ಅಪರೂಪಕ್ಕೆ ಅದೇ ಬ್ಯಾಕ್ಟೀರಿಯಾ ಕರುಗಳ ಮೆದುಳಿಗೆ ಏರುತ್ತೆ. ಜ್ವರ ಬಂದು, ಕಾಲು ಬಿಗಿದು, ತೂರಾಡುತ್ತಾ ಬೀಳುತ್ತವೆ. 1940ರಲ್ಲಿ ಅಮೆರಿಕದ ಅಯೋವಾದಲ್ಲಿ ಮೆಕ್‌ನಟ್ ಎಂಬವರು ಇದನ್ನು ಮೊದಲು ವಿವರಿಸಿದರು. ಯಾರ ದನಗಳಲ್ಲಿ ಕಂಡಿತೋ ಆ ರೈತನ ಹೆಸರಿನಿಂದ ಬಸ್ ಕಾಯಿಲೆ ಅಂತಲೂ ಕರೀತಾರೆ, ನಮ್ಮ ಬಿಎಂಟಿಸಿಗೂ ಅದಕ್ಕೂ ಸಂಬಂಧವಿಲ್ಲ. ಇದೇ ಪೆಕೋರಮ್ ಆಸ್ಟ್ರೇಲಿಯಾದ ಕೋಆಲಾಗಳನ್ನು ಕುರುಡು, ಬಂಜೆ ಮಾಡುತ್ತೆ.

ದನಗಳ ವಿಷಯದಲ್ಲೇ ಉಲ್ಟಾ ತಪ್ಪೂ ಆಗಿದೆ. ಕ್ಯಾಲಿಫೋರ್ನಿಯಾದ ಬೆಟ್ಟದ ತಪ್ಪಲುಗಳಲ್ಲಿ ಮೇಯುವ ಹಸುಗಳು ಸಾಮೂಹಿಕವಾಗಿ ಕಂದು ಹಾಕುತ್ತಿದ್ದವು. 1960ರ ಸುಮಾರಿಗೆ ಅವುಗಳ ಕಂದುಗಳಲ್ಲಿ ಕ್ಲಮೀಡಿಯಾ ಸಿಕ್ಕಿತು. ಸರಿ, ಅಪರಾಧಿ ಸಿಕ್ಕ ಅಂತ ಬಹಳ ವರ್ಷ ಪುಸ್ತಕಗಳಲ್ಲಿ ಹಾಗೇ ಬರೆದರು. ಕೊನೆಗೆ ನೋಡಿದರೆ ಅದು ಒಂದು ಜಾತಿಯ ಉಣ್ಣೆ ಹುಳ ಕಚ್ಚುವುದರಿಂದ ಬರುವ, ಕ್ಲಮೀಡಿಯಾಗೆ ಸಂಬಂಧವೇ ಇಲ್ಲದ ಇನ್ನೊಂದು ಬ್ಯಾಕ್ಟೀರಿಯಾದ ಕೆಲಸ. ಕುರಿಯಲ್ಲಿ ಸೋಂಕಿದ್ದೂ ಇಲ್ಲ ಅಂದುಕೊಂಡರು, ಇಲ್ಲಿ ಘಟನಾಸ್ಥಳದಲ್ಲಿ ಸಿಕ್ಕವನನ್ನೇ ಕಳ್ಳ ಅಂದರು.

ಲಸಿಕೆಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1950ರ ದಶಕದಲ್ಲೇ ಮೊಟ್ಟೆಯಲ್ಲಿ ಬೆಳೆಸಿ ಕೊಂದ ಬ್ಯಾಕ್ಟೀರಿಯಾದಿಂದ ಲಸಿಕೆ ಮಾಡಿದರು. ಬಹುಕಾಲ ಚೆನ್ನಾಗಿ ನಡೆಯಿತು, ಆಮೇಲಾಮೇಲೆ ಲಸಿಕೆ ಹಾಕಿದ ಹಿಂಡುಗಳಲ್ಲೂ ರೋಗ ಕಾಣಿಸತೊಡಗಿತು. ಅಷ್ಟರಲ್ಲಿ ಫ್ರಾನ್ಸಿನಲ್ಲಿ ಆನಿ ರೊಡೊಲಾಕಿಸ್ ಬೇರೆ ದಾರಿ ಹಿಡಿದಿದ್ದರು. ಎಬಿ7 ಎಂಬ ಉಗ್ರ ತಳಿಗೆ ಡಿಎನ್ಎ ಕೆಡಿಸುವ ರಾಸಾಯನಿಕ ಹಾಕಿ, ಬದುಕುಳಿದವುಗಳಲ್ಲಿ 1ಬಿ ಎಂಬ ತಳಿಯನ್ನು ಆರಿಸಿದರು. ಇದು 35 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತೆ, 39.5 ಡಿಗ್ರಿಯಲ್ಲಿ ಸೋಲುತ್ತೆ. ಕುರಿಯ ಮೈಬಿಸಿ ಸುಮಾರು 39. ಹಾಗಾಗಿ ಮೈಯೊಳಗೆ ಹೋಗಿ ದೇಹಕ್ಕೆ ಪಾಠ ಕಲಿಸುತ್ತೆ, ರೋಗ ತರುವಷ್ಟು ಬೆಳೆಯೋದಿಲ್ಲ. ಜಾಣ ವಿನ್ಯಾಸ ಅಲ್ವಾ? ಈ ಜೀವಂತ ಲಸಿಕೆ ಯುರೋಪಿನ ಮಾರುಕಟ್ಟೆಗೆ ಬಂತು, ಕೆಲಸವನ್ನೂ ಮಾಡಿತು. ಲಸಿಕೆ ಹಾಕಿದ ಹಿಂಡುಗಳಲ್ಲಿ ಕಂದು ಹಾಕೋದು ಗಣನೀಯವಾಗಿ ಇಳಿಯಿತು.

2010ರಲ್ಲಿ ಮೋರೆಡನ್‌ನವರು ಲಸಿಕೆ ಹಾಕಿಸಿಕೊಂಡೂ ಕಂದು ಹಾಕಿದ ಕೆಲವು ಕುರಿಗಳ ಮಾಸನ್ನು ಪರೀಕ್ಷಿಸಿದರು. ಒಳಗಿದ್ದದ್ದು ಹೊರಗಿನ ಕಾಡು ತಳಿಯಲ್ಲ, ಲಸಿಕೆಯ 1ಬಿ ತಳಿಯೇ. ಮತ್ತೆ 2018ರಲ್ಲಿ ಡೇವಿಡ್ ಲಾಂಗ್‌ಬಾಟಮ್ ಮತ್ತು ಸಂಗಡಿಗರು 1ಬಿಯ ಜೀನೋಮನ್ನು ಮೂಲ ಎಬಿ7ರ ಪಕ್ಕದಲ್ಲಿಟ್ಟು ನೋಡಿದಾಗ, ಅದನ್ನು ದುರ್ಬಲಗೊಳಿಸಿತು ಅನ್ನಬಹುದಾದ ಬದಲಾವಣೆ ಸಿಗಲೇ ಇಲ್ಲ. ಅಂದರೆ ದಶಕಗಳ ಕಾಲ ಸಾಧು ಅಂತ ಚುಚ್ಚಿದ್ದು ಉಗ್ರ ತಳಿಯ ಜೀನೋಮಿಗೆ ಅಷ್ಟು ಹತ್ತಿರದ್ದು! ಲಸಿಕೆ ಪರಿಣಾಮಕಾರಿ ಅನ್ನೋದು ನಿಜ, ಅದು ಯಾಕೆ ಪರಿಣಾಮಕಾರಿ ಅಂತ ನಾವು ಕೊಟ್ಟ ವಿವರಣೆ ಮಾತ್ರ ನಿಲ್ಲಲಿಲ್ಲ. ಟೆಸ್ಟ್ ಪಾಸಾಯಿತು ಅಂತ ಕೋಡ್ ಹೇಗೆ ಓಡುತ್ತಿದೆ ಅಂತ ನೋಡದೆ ಸಬ್ಮಿಟ್ ಮಾಡಿದವರಿಗೆ ಇದರ ಕಸಿವಿಸಿ ಗೊತ್ತಿರುತ್ತೆ. ಹಾಗಂತ ಲಸಿಕೆಯೇ ಬೇಡ ಅಂತಲ್ಲ. ಲಸಿಕೆ ಇಲ್ಲದ ಸೋಂಕಿತ ಹಿಂಡಿನ ನಷ್ಟ ಇದಕ್ಕಿಂತ ಎಷ್ಟೋ ಹೆಚ್ಚು. ಈಗ ಬ್ಯಾಕ್ಟೀರಿಯಾದ ಹೊರಪೊರೆಯ ಪ್ರೋಟೀನುಗಳನ್ನಷ್ಟೇ ಬಳಸಿ, ಜೀವಂತವಲ್ಲದ ಹೊಸ ಲಸಿಕೆಯ ಕೆಲಸ ಅದೇ ಸಂಸ್ಥೆಯಲ್ಲಿ ನಡೆದಿದೆ.

ಯಾವ ಲಸಿಕೆಯಾದರೂ, ಹೋದ ವರ್ಷವೇ ಸೋಂಕಾದ ಕುರಿಯನ್ನು ಗುಣಪಡಿಸೋದಿಲ್ಲ. ಅದನ್ನು ಕೊಡಬೇಕಾದ್ದು ಟಗರು ಬಿಡುವ ಮೊದಲು. ಗಬ್ಬದ ನಡುವೆ ರೋಗ ಇದೆ ಅಂತ ಗೊತ್ತಾದರೆ, ಉಳಿದ ಕುರಿಗಳಿಗೆ ದೀರ್ಘಕಾಲ ಇರುವ ಆಕ್ಸಿಟೆಟ್ರಾಸೈಕ್ಲಿನ್ ಕೊಟ್ಟು ಒಂದಷ್ಟು ಮರಿ ಉಳಿಸಬಹುದು. ಆದರೆ ಅಷ್ಟರಲ್ಲಿ ಮಾಸಿಗೆ ಆದ ಹಾನಿ ಸರಿಹೋಗೋದಿಲ್ಲ, ಬ್ಯಾಕ್ಟೀರಿಯಾ ಪೂರ್ತಿ ಹೋಗೋದೂ ಇಲ್ಲ. ಬದುಕಿ ಹುಟ್ಟಿದ ಮರಿಯ ಜೊತೆಗೂ ಸೋಂಕು ಹೊರಬರುತ್ತೆ.

ಇಲ್ಲಿಯವರೆಗೆ ಮಾತಾಡಿದ್ದು ಕುರಿಗಳ ಮಾಸಿನ ಬಗ್ಗೆ. ಈ ಬ್ಯಾಕ್ಟೀರಿಯಾ ಮನುಷ್ಯರ ಮಾಸಿನಲ್ಲೂ ಬೆಳೆಯಬಲ್ಲದು. ಗರ್ಭಿಣಿಯೊಬ್ಬಳು ಕುರಿ ಈಯಿಸಲು ಕೈಹಾಕಿದರೆ, ಕಂದು ಬಿದ್ದ ಜಾಗ ತೊಳೆದರೆ, ಸೋಂಕು ಅವಳಿಗೆ ಬರಬಹುದು. ಬಂದರೆ ಅದು ನೆಗಡಿ ಜ್ವರವಲ್ಲ. ಮಗು ಹೋಗಬಹುದು, ರಕ್ತಕ್ಕೆ ನಂಜೇರಿ ತಾಯಿಯ ಪ್ರಾಣಕ್ಕೇ ಕುತ್ತು ಬರಬಹುದು. ಇಂಥ ಪ್ರಕರಣಗಳು ವಿರಳ, ಆದರೆ ಬ್ರಿಟನ್ನಿನಲ್ಲಿ ದಾಖಲಾಗಿವೆ. ಅದಕ್ಕೇ ಅಲ್ಲಿನ ಆರೋಗ್ಯ ಇಲಾಖೆಗಳು ಪ್ರತಿ ಈಯುವ ಕಾಲಕ್ಕೂ ಎಚ್ಚರಿಕೆ ಕೊಡುತ್ತವೆ: ಗರ್ಭಿಣಿಯರು ಈಯುವ ಕುರಿಗಳ ಬಳಿ ಹೋಗಬಾರದು, ಹೊಸ ಮರಿಗಳನ್ನು ಎತ್ತಿಕೊಳ್ಳಬಾರದು, ಕೊಟ್ಟಿಗೆಯಿಂದ ಬಂದ ಗಂಡನ ಬಟ್ಟೆ, ಬೂಟುಗಳನ್ನು ಸಹ ತೊಳೆಯಬಾರದು. ಜೀವಂತ ಲಸಿಕೆಯನ್ನೂ ಅವರು ಮುಟ್ಟುವಂತಿಲ್ಲ. ಬೇಗ ಗುರುತಿಸಿದರೆ ಚಿಕಿತ್ಸೆ ಇದೆ. ಕಷ್ಟ ಏನು ಅಂದರೆ, ಜ್ವರ ಅಂತ ಬಂದ ಬಸುರಿಗೆ ನಿಮ್ಮ ಮನೆಯಲ್ಲಿ ಕುರಿ ಇವೆಯಾ ಅಂತ ಕೇಳಬೇಕು ಅನ್ನೋದು ಡಾಕ್ಟರಿಗೆ ಹೊಳೆಯಬೇಕು. ಇಲ್ಲವೇ ಅವಳೇ ಹೇಳಬೇಕು.

ನಮ್ಮಲ್ಲಿ ಕುರಿ, ದನ ಕಂದು ಹಾಕಿದರೆ ಮೊದಲು ನೆನಪಾಗೋದು ಬ್ರುಸೆಲ್ಲಾ, ಅದು ಸರಿಯೂ ಹೌದು. ಭಾರತದ ಕುರಿ, ಮೇಕೆಗಳ ರಕ್ತಪರೀಕ್ಷೆಗಳಲ್ಲಿ ಕ್ಲಮೀಡಿಯಾಗೆ ಪ್ರತಿಕಾಯಗಳೂ ಕಂಡುಬಂದಿವೆ. ಎರಡರಲ್ಲಿ ಯಾವುದೇ ಇರಲಿ, ಮಾಡಬೇಕಾದ್ದು ಒಂದೇ. ಬರಿಗೈಯಲ್ಲಿ ಮಾಸು ಎಳೆಯಬಾರದು. ಬಿದ್ದ ಕಂದು, ಮಾಸನ್ನು ನಾಯಿಗೆ ಎಸೆಯದೆ, ಪಶುವೈದ್ಯರಿಗೆ ಬೇಕಾದ ಚೂರು ತೆಗೆದಿಟ್ಟು, ಉಳಿದದ್ದನ್ನು ಆಳವಾಗಿ ಹೂಳಬೇಕು. ಕಂದು ಹಾಕಿದ ಕುರಿಯನ್ನು ಸ್ರಾವ ನಿಲ್ಲುವವರೆಗೆ ಬೇರೆ ಕಟ್ಟಬೇಕು. ಮನೆಯ ಬಸುರಿ ಹೆಂಗಸರನ್ನು ರೊಪ್ಪದ ಕೆಲಸದಿಂದ ದೂರ ಇಡಬೇಕು. ಮನೆಯಲ್ಲಿ ಕುರಿ ಇರೋ ಗೆಳೆಯರು ಇದನ್ನು ರಜೆಗೆ ಊರಿಗೆ ಹೋದಾಗ ಹೇಳಿ.

ಸ್ಕಾಟ್ಲೆಂಡಿನವರು ಈಗ ಕುರಿ ಕೊಳ್ಳುವಾಗ, ಈ ರೋಗವಿಲ್ಲ ಅಂತ ಪ್ರಮಾಣಪತ್ರವಿರುವ ಹಿಂಡುಗಳಿಂದಲೇ ಕೊಳ್ಳೋಕೆ ನೋಡ್ತಾರೆ. ಆ ಪ್ರಮಾಣಪತ್ರಕ್ಕೆ ರಕ್ತ ತೆಗೆಯೋದು ಕುರಿ ಕೊಳ್ಳುವ ಶರತ್ಕಾಲದಲ್ಲಲ್ಲ, ಈದ ನಂತರದ ಮೂರು ತಿಂಗಳೊಳಗೆ. ಅಡಗಿ ಕೂತ ಬ್ಯಾಕ್ಟೀರಿಯಾ ಹೊರಗೆ ಬಂದು, ರಕ್ತದಲ್ಲಿ ಅದರ ಗುರುತು ಏರಿರೋದು ಆಗಲೇ.